ಜನಸಂಖ್ಯೆ ಏರುತ್ತಿರುವಾಗ ಲೋಕಸಭೆ, ವಿಧಾನಸಭೆ ಸೀಟುಗಳನ್ನು ನ್ಯಾಯವಾಗಿ ಹಂಚುವುದು ಹೇಗೆ?

ಜನಸಂಖ್ಯೆ ನೋಡಿ ಸೀಟು ಹಂಚಿದರೆ ದಕ್ಷಿಣಕ್ಕೆ ಅನ್ಯಾಯ, ಹಂಚದಿದ್ದರೆ ಉತ್ತರಕ್ಕೆ ಅನ್ಯಾಯ, ಹಾಗಾದರೆ ದಾರಿ ಯಾವುದು ಎಂದು ಕೇಳಿದ್ದೀರಿ. ದೆಹಲಿಯ ಮಾತು ಆಮೇಲೆ. ಇದೇ ಜಗಳ ಕರ್ನಾಟಕದೊಳಗೂ ಇದೆ, ಮೊದಲು ಅದನ್ನು ನೋಡೋಣ.

ನಮ್ಮಪ್ಪನ ವೋಟು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ, ಅಂದರೆ ಶೃಂಗೇರಿ ಕ್ಷೇತ್ರದಲ್ಲಿ. ನನ್ನ ವೋಟು ಉತ್ತರಹಳ್ಳಿಯಲ್ಲಿ, ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. 2023ರ ಚುನಾವಣೆಯಲ್ಲಿ ಅಲ್ಲಿ ಎರಡು ಲಕ್ಷಕ್ಕಿಂತ ಕಡಿಮೆ ಮತದಾರರು, ಇಲ್ಲಿ ಆರು ಲಕ್ಷಕ್ಕೂ ಹೆಚ್ಚು. ಇಬ್ಬರೂ ಆರಿಸುವುದು ಒಬ್ಬೊಬ್ಬ ಶಾಸಕರನ್ನೇ. ಅಂದರೆ ಅಪ್ಪನ ಒಂದು ವೋಟಿಗೆ ನನ್ನಂಥವರ ಮೂರಕ್ಕೂ ಹೆಚ್ಚು ವೋಟಿನ ತೂಕ.

ಈಗಿರುವ ಗಡಿಗಳನ್ನು 2001ರ ಜನಗಣತಿ ಆಧಾರದ ಮೇಲೆ ಎಳೆದು, 2008ರ ಚುನಾವಣೆಯಿಂದ ಜಾರಿಗೆ ತಂದರು. ಅದಕ್ಕೆ ಮೊದಲು ಉತ್ತರಹಳ್ಳಿ ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲೊಂದಾಗಿತ್ತು. ಅದನ್ನು ಒಡೆದು ಸರಿಮಾಡಿದರು, ಊರು ಮತ್ತೆ ಬೆಳೆಯಿತು, ಗಡಿ ಮಾತ್ರ ಅಲ್ಲೇ ನಿಂತಿತು. ಅದೇ ಸಲ ಕೊಡಗು ಮೂರರಿಂದ ಎರಡಕ್ಕೆ, ಚಿಕ್ಕಮಗಳೂರು ಜಿಲ್ಲೆ ಆರರಿಂದ ಐದಕ್ಕೆ ಇಳಿದವು. 2001ರಿಂದ 2011ರ ನಡುವೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಒಂದಿಷ್ಟು ಕಡಿಮೆಯೇ ಆಗಿದೆ. ನನ್ನ ಹಾಗೆ ಊರು ಬಿಟ್ಟವರೂ ಅದಕ್ಕೊಂದು ಕಾರಣ. 2011ರ ಲೆಕ್ಕದಲ್ಲಿ ಈಗಿನ 224 ಸೀಟುಗಳನ್ನೇ ಮತ್ತೆ ಹಂಚಿದರೆ ಬೆಂಗಳೂರು ನಗರ ಜಿಲ್ಲೆ 28ರಿಂದ 35ಕ್ಕೆ ಏರುತ್ತದೆ, ಚಿಕ್ಕಮಗಳೂರು ನಾಲ್ಕಕ್ಕೆ ಇಳಿಯುತ್ತದೆ.

ಗಣಿತ ಸರಿ. ಆದರೆ ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಹೋಗಿ ಮಕ್ಕಳು ಶಾಲೆಗೆ ಹೋಗುವುದು ನಿಂತಾಗ ಮಲೆನಾಡಿನವರು ಹೋಗಿ ನಿಲ್ಲುವುದು ಶಾಸಕರ ಮನೆ ಬಾಗಿಲಲ್ಲೇ. ಬಾಳೆಹೊನ್ನೂರಿನಿಂದ ಕೆರೆಕಟ್ಟೆವರೆಗೆ ಹರಡಿರುವ ಶೃಂಗೇರಿ ಕ್ಷೇತ್ರವನ್ನು ಇನ್ನೂ ಹಿಗ್ಗಿಸಿದರೆ ಆ ಬಾಗಿಲು ಇನ್ನಷ್ಟು ದೂರವಾಗುತ್ತದೆ. ಕ್ಷೇತ್ರ ಪುನರ್ವಿಂಗಡಣೆ ಕಾಯ್ದೆಯೂ ಜನಸಂಖ್ಯೆಯೊಂದನ್ನೇ ನೋಡು ಎನ್ನುವುದಿಲ್ಲ. ಭೌಗೋಳಿಕ ಸ್ವರೂಪ, ಸಂಪರ್ಕ ಸೌಲಭ್ಯ, ಜನರ ಅನುಕೂಲ ಇವನ್ನೂ ಗಮನಿಸಬೇಕು ಎನ್ನುತ್ತದೆ.

ಹಾಗಾಗಿ ವಿಧಾನಸಭೆಯ ಮಟ್ಟಿಗೆ ನನ್ನ ಉತ್ತರ: ಸೀಟು ಕಿತ್ತುಕೊಳ್ಳಬೇಡಿ, ಹೆಚ್ಚಿಸಿ. 1978ರಿಂದಲೂ ನಮಗೆ 224 ಶಾಸಕರೇ. 1971ರಲ್ಲಿ 2.93 ಕೋಟಿ ಇದ್ದ ಕನ್ನಡನಾಡು 2011ಕ್ಕೆ 6.11 ಕೋಟಿ ಆಗಿತ್ತು. ಸಂವಿಧಾನದ 170ನೇ ವಿಧಿ 500ರವರೆಗೂ ಅವಕಾಶ ಕೊಡುತ್ತದೆ, ಆದರೆ ಸೀಟುಗಳ ಸಂಖ್ಯೆಗೆ ಹಾಕಿರುವ ತಡೆ ತೆಗೆಯಬೇಕು. 300 ಮಾಡಿದರೆ ಬೆಂಗಳೂರಿಗೆ 47 ಬರುತ್ತದೆ, ಚಿಕ್ಕಮಗಳೂರು ಐದನ್ನೂ ಉಳಿಸಿಕೊಳ್ಳುತ್ತದೆ. ಖರ್ಚು ಹೆಚ್ಚುತ್ತದೆ ಎನ್ನುವವರಿದ್ದಾರೆ. ಆರು ಲಕ್ಷ ಮತದಾರರಿಗೆ ಒಬ್ಬನೇ ಶಾಸಕನಿದ್ದು, ಅವನೂ ಕೈಗೆ ಸಿಗದೇ ಇರುವುದರ ಖರ್ಚನ್ನೂ ಅವರು ಲೆಕ್ಕ ಹಾಕಲಿ.

ಲೋಕಸಭೆಗೆ ಇದೇ ಮದ್ದು ಸಾಲದು. ಅಲ್ಲಿ ರಾಜ್ಯ ರಾಜ್ಯಗಳ ನಡುವಿನ ಬಲಾಬಲದ ಪ್ರಶ್ನೆ ಇದೆ. ಒಟ್ಟು ಸೀಟು ಈಗಿನ 543 ಇರಲಿ, ಹೊಸ ಸಂಸತ್ ಭವನದ ಲೋಕಸಭೆಯಲ್ಲಿರುವ ಆಸನಗಳಷ್ಟು ಅಂದರೆ 888 ಇರಲಿ, ಶೇಕಡಾವಾರು ಪಾಲು ಕುಗ್ಗಿದರೆ ತೆರಿಗೆ ಹಂಚಿಕೆ, ಭಾಷೆಯಂಥ ವಿಷಯಗಳಲ್ಲಿ ನಮ್ಮ ದನಿಯೂ ಕುಗ್ಗುತ್ತದೆ. 1976ರ 42ನೇ ತಿದ್ದುಪಡಿ 1971ರ ಜನಸಂಖ್ಯೆಗೆ ಪ್ರತಿ ರಾಜ್ಯದ ಲೋಕಸಭೆ, ವಿಧಾನಸಭೆ ಸೀಟುಗಳ ಸಂಖ್ಯೆಯನ್ನು ಕಟ್ಟಿಹಾಕಿದ್ದೇ ಜನನ ನಿಯಂತ್ರಿಸಿದ ರಾಜ್ಯಗಳಿಗೆ ನಷ್ಟವಾಗಬಾರದೆಂದು. 2001ರ 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು.

ಈಗಿನ 543 ಸೀಟುಗಳನ್ನೇ 2011ರ ಲೆಕ್ಕದಲ್ಲಿ ಹಂಚಿದರೆ ಕರ್ನಾಟಕಕ್ಕೆ ಆಗುವ ನಷ್ಟ ಒಂದೇ ಸೀಟು, 28ರಿಂದ 27. ತಮಿಳುನಾಡು 39ರಿಂದ 32ಕ್ಕೆ, ಕೇರಳ 20ರಿಂದ 15ಕ್ಕೆ ಇಳಿಯುತ್ತವೆ, ಉತ್ತರ ಪ್ರದೇಶ 80ರಿಂದ 90ಕ್ಕೆ ಏರುತ್ತದೆ. ನಮಗೆ ಹೋಗುವುದು ಒಂದೇ ತಾನೇ ಎಂದು ನಾವು ಸುಮ್ಮನಿರುವಂತಿಲ್ಲ, ಹೊಸ ಗಣತಿಯಲ್ಲಿ ನಮ್ಮ ಪಾಲು ಇನ್ನೂ ಇಳಿಯುವ ಸಾಧ್ಯತೆಯೇ ಹೆಚ್ಚು. ಹಾಗೆಂದು ರಾಜಸ್ಥಾನದ ಸಂಸದ ಸರಾಸರಿ 27 ಲಕ್ಷ ಜನರಿಗೆ, ಕೇರಳದವರು 17 ಲಕ್ಷಕ್ಕೆ ಎಂಬುದನ್ನು ಶಾಶ್ವತವಾಗಿ ಹಾಗೇ ಬಿಡುವುದೂ ತಪ್ಪು. ಉತ್ತರಹಳ್ಳಿಯಲ್ಲಿ ಕೂತು ನನಗೆ ಅನ್ನಿಸುವ ಅನ್ಯಾಯ ರಾಜಸ್ಥಾನದವನಿಗೂ ಅನ್ನಿಸುತ್ತದೆ.

ನನಗೆ ಸರಿ ಕಾಣುವ ಒಪ್ಪಂದ ಇದು: ಲೋಕಸಭೆ ನಿಧಾನವಾಗಿ ಜನಸಂಖ್ಯೆಯ ಕಡೆ ಸರಿಯಲಿ, ಅದಕ್ಕೆ ಬದಲಾಗಿ ರಾಜ್ಯಸಭೆ ನಿಜವಾಗಿ ರಾಜ್ಯಗಳ ಸಭೆಯಾಗಲಿ. ಈಗ ಅಲ್ಲೂ ಉತ್ತರ ಪ್ರದೇಶಕ್ಕೆ 31, ನಮಗೆ 12. ಅಮೆರಿಕದ ಸೆನೆಟ್ಟಿನಲ್ಲಿ ಪ್ರತಿ ರಾಜ್ಯಕ್ಕೂ ಇಬ್ಬರೇ. ಅಷ್ಟು ಸಮಾನತೆ ಇಲ್ಲಿ ಸಾಧ್ಯವಾಗದಿದ್ದರೂ ಈ ಅಂತರ ತಗ್ಗಲಿ. ಜೊತೆಗೆ, ರಾಜ್ಯಸಭೆಗೆ ನಿಲ್ಲುವವರು ಆ ರಾಜ್ಯದ ಮತದಾರರೇ ಆಗಿರಬೇಕೆಂಬ ನಿಯಮವನ್ನು 2003ರಲ್ಲಿ ತೆಗೆದುಹಾಕಿದರು. ಅದನ್ನು ಮೊದಲು ವಾಪಸ್ ತರಬೇಕು. ಅದಕ್ಕೆ ಸಂವಿಧಾನ ತಿದ್ದುಪಡಿಯೂ ಬೇಡ, ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಬದಲಾವಣೆ ಮಾಡಿದರೆ ಸಾಕು.