ಲೈಲಾಕ್ ಲೇಖನ ಕಳಿಸಿದವರಿಗೆ

ನಮಸ್ಕಾರ.

ಲೈಲಾಕ್ ಹೂವಿನ ಹೆಸರಿನ ಬಗ್ಗೆ ನೀವು ಧಾರವಾಡದಿಂದ ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಹಾಕುತ್ತೇನೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟ ತೆಗೆದುಬಿಡಿ. ನೇರಳೆ ಲೈಲಾಕ್ ಅಂದರೆ ಮೊದಲ ಪ್ರೀತಿ, ಬಿಳಿಯದು ಅಂದರೆ ಮುಗ್ಧತೆ ಅಂತ ಪಟ್ಟಿ ಕೊಟ್ಟಿದ್ದೀರಿ. 19ನೇ ಶತಮಾನದಲ್ಲಿ ಫ್ರಾನ್ಸ್, ಇಂಗ್ಲೆಂಡಿನ ‘ಹೂವಿನ ಭಾಷೆ’ ಪುಸ್ತಕಗಳು ಹಬ್ಬಿಸಿದ ಅರ್ಥಗಳಿವು. ಹೆಸರಿನ ಹುಟ್ಟಿಗೂ ಇವಕ್ಕೂ ಸಂಬಂಧವಿಲ್ಲ. ‘ಸುಗಂಧದ ಸಾಮ್ರಾಜ್ಞಿ’ ಅನ್ನುವ ಮಾತೂ ಬೇಡ. ಅದರಿಂದ ಹೂವು ಕಣ್ಣಿಗೆ ಕಾಣುವುದಿಲ್ಲ.

ನಿಜವಾದ ಸ್ವಾರಸ್ಯ ನೀವು ಎರಡೇ ಸಾಲಿನಲ್ಲಿ ದಾಟಿಸಿದ ಕಡೆ ಇದೆ. ಲೈಲಾಕ್‌ನ ಬೇರು ನಮ್ಮ ‘ನೀಲ’! ಸಂಸ್ಕೃತದ ನೀಲ ಪರ್ಷಿಯನ್ನಿನಲ್ಲಿ ನೀಲ್ ಆಯಿತು. ಅದರಿಂದ ನೀಲಕ್, ಅಂದರೆ ತುಸು ನೀಲಿ. ಬಾಯಿಂದ ಬಾಯಿಗೆ ‘ನ’ ಹೋಗಿ ‘ಲ’ ಬಂತು, ಲೀಲಕ್ ಆಯಿತು. ಆಮೇಲೆ ಅರಬ್ಬಿ, ಸ್ಪ್ಯಾನಿಷ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಹೋಯಿತು. ತುರ್ಕಿಯವರು ಇವತ್ತಿಗೂ ಲೇಲಾಕ್ ಅನ್ನುತ್ತಾರೆ. ದಿನಾ ‘ನೀಲಿ’ ಅನ್ನುವ ನಮ್ಮ ಓದುಗರಿಗೆ ಇದನ್ನು ನಿಧಾನವಾಗಿ ಹೇಳಬೇಕು, ಅಲ್ವಾ?

ಇಲ್ಲೇ ಒಂದು ತಪ್ಪೂ ಆಗಿದೆ. ಹೆಸರು ಪರ್ಷಿಯಾದ್ದು, ಹಾಗಾಗಿ ಗಿಡವೂ ಅಲ್ಲಿಯದೇ ಅಂದಿದ್ದೀರಿ. ಗಿಡದ ತವರು ಆಗ್ನೇಯ ಯುರೋಪಿನ ಬಾಲ್ಕನ್ ಬೆಟ್ಟಗಳು. 16ನೇ ಶತಮಾನದಲ್ಲಿ ಅದು ಇಸ್ತಾಂಬುಲ್‌ನಿಂದ ವಿಯೆನ್ನಾಗೆ ಹೋಯಿತು. ತುರ್ಕಿಯ ಸುಲ್ತಾನ ಸುಲೇಮಾನನ ಆಸ್ಥಾನದಲ್ಲಿದ್ದ ಆಸ್ಟ್ರಿಯಾದ ರಾಯಭಾರಿ ಬುಸ್ಬೆಕ್ ಒಯ್ದನೆಂದು ಹೇಳುತ್ತಾರೆ. ಗಿಡ ನಡೆದ ದಾರಿ, ಹೆಸರು ನಡೆದ ದಾರಿ ಎರಡನ್ನೂ ಬೇರೆಬೇರೆಯಾಗಿ ಬರೆಯಿರಿ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ದಾಖಲಿಸಿದ, ಲೈಲಾಕ್‌ನ ಶಾಸ್ತ್ರೀಯ ಹೆಸರಾದ ಸಿರಿಂಗಾ ಗ್ರೀಕಿನ ‘ಕೊಳವೆ’ಯಿಂದ ಬಂದದ್ದು. ಆಸ್ಪತ್ರೆಯ ಸಿರಿಂಜಿಗೂ ಅದೇ ಮೂಲ.

ಇನ್ನು ನಿಮ್ಮ ಮನೆ ಮುಂದಿನ ಮರ. ನರ್ಸರಿಯವರು ‘ಪರ್ಷಿಯನ್ ಲೈಲಾಕ್’ ಅಂದರು ಅಂತ ಅದರ ಫೋಟೋ ಕಳಿಸಿದ್ದೀರಿ. ಅವರು ಸುಳ್ಳು ಹೇಳಿಲ್ಲ, ಆದರೆ ಅದು ಬೇರೆ ಮರ. ಲೈಲಾಕ್ ಚೆನ್ನಾಗಿ ಹೂ ಬಿಡಲು ಗಟ್ಟಿ ಚಳಿ ಬೇಕು, ಧಾರವಾಡದ ಚಳಿ ಸಾಲದು. ಫೋಟೋ ದೊಡ್ಡದು ಮಾಡಿ ನೋಡಿ. ಲೈಲಾಕಿಗೆ ನಾಲ್ಕೇ ಎಸಳು. ನಿಮ್ಮ ಹೂವಿಗೆ ಐದು ತೆಳು ಎಸಳು, ನಡುವೆ ಕಡು ನೇರಳೆಯ ಪುಟ್ಟ ಕೊಳವೆ. ಇದು ಬೇವಿನ ಬಳಗದ ಮೀಲಿಯಾ ಅಜೆಡರಾಕ್, ನಾವು ಹುಚ್ಚುಬೇವು ಅನ್ನುವ ಮರ. ಬಣ್ಣ, ಪರಿಮಳ ಹೋಲುವುದರಿಂದ ಲೈಲಾಕ್ ಹೆಸರು ಇದಕ್ಕೂ ಅಂಟಿತು. ‘ಅಜೆಡರಾಕ್’ ಕೂಡ ಪರ್ಷಿಯನ್ನಿನ ‘ಆಜಾದ್ ದರಖ್ತ್’, ಅಂದರೆ ಸ್ವತಂತ್ರ ಮರ. ನಿಜವಾದ ಲೈಲಾಕ್ ಮಾತ್ರ ಮಲ್ಲಿಗೆ, ಪಾರಿಜಾತದ ಕುಟುಂಬದ್ದು.

ನಿಮ್ಮ ಲೇಖನ ಈ ಮರದಿಂದಲೇ ಶುರುವಾಗಲಿ. ಬಾಗಿಲಲ್ಲೇ ಇರುವುದನ್ನು ಬಿಟ್ಟು ಸುಮ್ನೆ ಯುರೋಪಿನ ತೋಟ ವರ್ಣಿಸಿದ್ದೀರಿ. ಓಣಿಯ ಹಿರಿಯರು ಇದನ್ನು ಏನಂತ ಕರೆಯುತ್ತಾರೆ, ಕೇಳಿ ಬರೆದುಕೊಳ್ಳಿ. ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಒಂದು ಟೊಂಗೆ ತೋರಿಸಿ ಖಚಿತ ಮಾಡಿಕೊಳ್ಳಿ. 600 ಪದ ಸಾಕು, ಜಾಸ್ತಿ ಬೇಡ. ತಿಂಗಳ ಕೊನೆಯೊಳಗೆ ಕಳಿಸಿ, ಜಾಗ ಇಟ್ಟಿರುತ್ತೇನೆ.

ಸಂಪಾದಕ, ಹುಬ್ಬಳ್ಳಿ