ಗರಗಸ ಯಾರ ಮನೆಯಲ್ಲಿದೆ?

(ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ನಿವೃತ್ತ ಅಧ್ಯಾಪಿಕೆಯೊಬ್ಬರು ಮೂರು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಪತ್ರದ ಸಾರ ಇಷ್ಟು: ಕಳೆದ ಬೇಸಿಗೆಯ ಕೊನೆಗೆ ಒಂದು ಸಂಜೆ ಬೀಸಿದ ಗಾಳಿಗೆ ಅವರ ದಾರಿಗೆ ಅಡ್ಡವಾಗಿ ಎರಡು ಮರಗಳು ಉರುಳಿದವು. ಮೂರು ದಿನ ಕರೆಂಟು ಇರಲಿಲ್ಲ. ಕತ್ತಲೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ನೆರೆಮನೆಯ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಮರ ದಾಟಿಸಿ, ರಸ್ತೆಗೆ ತರಬೇಕಾಯಿತು. ಮಧ್ಯಾಹ್ನವೇ ಮೊಬೈಲಿಗೆ ಎಚ್ಚರಿಕೆಯ ಸಂದೇಶ ಬಂದಿತ್ತು, ಆದರೆ ಮಲಯಾಳದಲ್ಲಿ. ಅಜ್ಜಿಯ ಮನೆಯಲ್ಲಿ ಅದನ್ನು ಓದಬಲ್ಲವರಿರಲಿಲ್ಲ. "ನಾಳೆ ಭೂಕಂಪವೇ ಆದರೆ ನಮ್ಮ ಗತಿ ಏನು? ಗಾಳಿ ಮತ್ತು ಭೂಕಂಪದ ಮುನ್ಸೂಚನೆ ಕೊಡುವ ಯಂತ್ರವನ್ನು ಪ್ರತಿ ಪಂಚಾಯತಿನಲ್ಲೂ ಇಡುವಂತೆ ಪತ್ರಿಕೆ ಒತ್ತಾಯಿಸಬೇಕು. ಮುನ್ನೆಚ್ಚರಿಕೆಗಳ ಒಂದು ಪಟ್ಟಿಯನ್ನೂ ಪ್ರಕಟಿಸಬೇಕು" ಎಂಬುದು ಅವರ ಬೇಡಿಕೆ.)

ಮಾನ್ಯ ಟೀಚರ್ ಅವರಿಗೆ ನಮಸ್ಕಾರ.

ಪಟ್ಟಿಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಒಮ್ಮೆ ನಮ್ಮ ಮಾನ ಹೋಗಿದೆ. ಹಲವು ವರ್ಷಗಳ ಹಿಂದೆ ಅಂಥದೊಂದು ಪಟ್ಟಿಯನ್ನು ನಾವು ಅಚ್ಚು ಹಾಕಿದ್ದೆವು. ಎಲ್ಲಿಂದಲೋ ಸಿಕ್ಕಿದ ಇಂಗ್ಲಿಷ್ ಕರಪತ್ರದ ಅನುವಾದ ಅದು. ಭೂಕಂಪವಾದಾಗ ಲಿಫ್ಟ್ ಬಳಸಬೇಡಿ ಎಂಬುದೇ ಅದರ ಮೊದಲ ಸಾಲು. ನಮ್ಮ ಚಂದಾದಾರರಲ್ಲಿ ಹೆಚ್ಚಿನವರಿಗೆ ಅಟ್ಟ ಹತ್ತಲು ಏಣಿಯೇ ಗತಿ. ಬಾಯಾರಿನ ಓದುಗರೊಬ್ಬರು ಕಾರ್ಡು ಬರೆದು "ಏಣಿ ಬಳಸಬಹುದೇ?" ಎಂದು ಕೇಳಿದರು. ಆ ಕಾರ್ಡು ಇಂದಿಗೂ ನನ್ನ ಮೇಜಿನ ಗಾಜಿನ ಅಡಿಯಲ್ಲಿದೆ. ಆದ್ದರಿಂದ ಪಟ್ಟಿ ಎಂದರೆ ನನಗೆ ಸ್ವಲ್ಪ ಅಳುಕು.

ಇನ್ನು ಯಂತ್ರ. ಗಾಳಿಯನ್ನೂ ಭೂಕಂಪವನ್ನೂ ನೀವು ಒಂದೇ ಉಸಿರಿನಲ್ಲಿ ಹೇಳಿದ್ದೀರಿ. ಎರಡಕ್ಕೂ ಹೆದರಿಕೆ ಒಂದೇ ಇರಬಹುದು, ಆದರೆ ಅವು ನಮಗೆ ಕೊಡುವ ಸಮಯ ಬೇರೆ ಬೇರೆ. ಇಂಥ ದಿನ ಇಂಥ ಊರಿನಲ್ಲಿ ನೆಲ ನಡುಗುತ್ತದೆ ಎಂದು ಮುಂಚಿತವಾಗಿ ಹೇಳಬಲ್ಲ ಯಂತ್ರ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ. ಜಪಾನಿನಲ್ಲಿ ಇದೆಯಲ್ಲ ಎಂದು ನೀವು ಕೇಳಬಹುದು. ಅಲ್ಲಿ ನಡೆಯುವುದು ಇಷ್ಟು: ಭೂಮಿಯೊಳಗೆ ಬಂಡೆ ಬಿರಿದ ಮೇಲೆ ಮೊದಲು ಹೊರಡುವ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ, ಮನೆಗಳನ್ನು ಅಲುಗಾಡಿಸಿ ಕೆಡವುವ ಅಲೆ ಅದರ ಹಿಂದಿನಿಂದ ಸುಮಾರು ಮೂರೂವರೆ ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಮೊದಲನೆಯದನ್ನು ಹಿಡಿದುಕೊಂಡು, ಎರಡನೆಯದು ಬರುತ್ತಿದೆ ಎಂದು ದೂರದ ಊರುಗಳಿಗೆ ಕೆಲವು ಸೆಕೆಂಡುಗಳ ಮುಂಚೆ ತಿಳಿಸುತ್ತಾರೆ. ಕಂಪನದ ಕೇಂದ್ರ ನಮ್ಮ ಕಾಲಡಿಯಲ್ಲೇ ಇದ್ದರೆ ಆ ಸೆಕೆಂಡುಗಳೂ ಸಿಗುವುದಿಲ್ಲ.

ಹಾಗೆಂದು ನಿಮ್ಮ ಭಯವನ್ನು ತಳ್ಳಿಹಾಕುತ್ತಿಲ್ಲ. 2025ರ ಫೆಬ್ರವರಿ 8ರಂದು ನಡುರಾತ್ರಿ ಕಳೆದು ಒಂದೂವರೆಯ ಹೊತ್ತಿಗೆ ನಮ್ಮದೇ ಜಿಲ್ಲೆಯ ವೆಳ್ಳರಿಕುಂಡು ತಾಲೂಕಿನ ಗುಡ್ಡಗಾಡು ಊರುಗಳಲ್ಲಿ ನೆಲ ನಡುಗಿತು. ಜನ ಹಾಸಿಗೆ ಬಿಟ್ಟು ಅಂಗಳಕ್ಕೆ ಓಡಿದರು. 2002ರ ಭಾರತೀಯ ಮಾನದಂಡದ ನಕ್ಷೆಯಲ್ಲಿ ಇಡೀ ಕೇರಳವನ್ನು ಮೂರನೆಯ ವಲಯಕ್ಕೆ, ಎಂದರೆ ಮಧ್ಯಮ ಅಪಾಯದ ವಲಯಕ್ಕೆ, ಸೇರಿಸಿದ್ದಾರೆ. ನಕ್ಷೆಯ ಬಣ್ಣ ನೋಡಿ ನೆಮ್ಮದಿಯಿಂದ ಮಲಗುವಂತಿಲ್ಲ ಎಂಬುದಕ್ಕೆ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯೇ ಸಾಕ್ಷಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ, ಗಣಪತಿಯನ್ನು ನೀರಿಗೆ ಬಿಟ್ಟು ಬಂದು ದಣಿದು ಮಲಗಿದ್ದ ಊರುಗಳ ಮೇಲೆ ಮನೆಗಳು ಬಿದ್ದವು. ಕಂಪನದ ಪ್ರಮಾಣ 6.2, ಸತ್ತವರು ಹತ್ತು ಸಾವಿರದ ಹತ್ತಿರ. ಆಗಿನ ನಕ್ಷೆಯಲ್ಲಿ ಆ ಪ್ರದೇಶ ಅತಿ ಕಡಿಮೆ ಅಪಾಯದ್ದು. ಮಣ್ಣಿನಲ್ಲಿ ಕಲ್ಲು ಜೋಡಿಸಿದ ದಪ್ಪ ಗೋಡೆ, ಬಿಸಿಲಿನ ಝಳ ತಡೆಯಲೆಂದು ಮಾಳಿಗೆಯ ಮೇಲೆ ವರ್ಷ ವರ್ಷವೂ ಹೇರಿದ ಮಣ್ಣು. ಬೇಸಿಗೆಗೆ ತಂಪಾಗಿದ್ದ ಅದೇ ಮಾಳಿಗೆ ಆ ರಾತ್ರಿ ಮಲಗಿದ್ದವರನ್ನು ಹೂತುಹಾಕಿತು.

ನಮ್ಮದು ಮುರಕಲ್ಲಿನ ಗೋಡೆ, ಹಂಚಿನ ಮಾಡು. ಈಚೆಗೆ ಕಾಂಕ್ರೀಟ್ ತಾರಸಿ. ಮೇಸ್ತ್ರಿಗಳು ಬಾಗಿಲು ಕಿಟಕಿಗಳ ಮೇಲಷ್ಟೇ ತುಂಡು ತುಂಡಾಗಿ ಲಿಂಟೆಲ್ (ಕಾಂಕ್ರೀಟ್ ತೊಲೆ) ಹಾಕಿ "ಧಾರಾಳ ಸಾಕು" ಎನ್ನುತ್ತಾರೆ. ಸಾಲದು. ಕಬ್ಬಿಣ ಹಾಕಿದ ಲಿಂಟೆಲ್ ಮನೆಯ ಎಲ್ಲ ಗೋಡೆಗಳ ಮೇಲೆ ಎಲ್ಲಿಯೂ ಕಡಿಯದೆ ಸುತ್ತು ಬರಬೇಕು. ಮರದ ಪೀಪಾಯಿಗೆ ಪಟ್ಟಿ ಬಿಗಿದಂತೆ ಅದು ನಾಲ್ಕು ಮೂಲೆಗಳನ್ನು ಹಿಡಿದಿಡುತ್ತದೆ. ಹೊಸ ಮನೆ ಕಟ್ಟುವವರಿಗೆ ಇದಕ್ಕೆ ತಗಲುವ ಹೆಚ್ಚಿನ ಖರ್ಚು ಗೃಹಪ್ರವೇಶದ ಶಾಮಿಯಾನದ ಖರ್ಚಿಗಿಂತ ದೊಡ್ಡದೇನಲ್ಲ ಎಂದು ನನ್ನ ಅಂದಾಜು. ತಾರಸಿಯ ಮೇಲೆ ಸಾವಿರ ಲೀಟರಿನ ಟಾಂಕಿ ಇಟ್ಟಿದ್ದೀರಾದರೆ ಒಂದು ಟನ್ ಭಾರ ತಲೆಯ ಮೇಲಿದೆ ಎಂದು ಲೆಕ್ಕ. ಅದರ ಕೆಳಗಿನ ಪೀಠವನ್ನು ಒಮ್ಮೆ ನೋಡಿಸಿ. ಮಂಚದ ತಲೆಯ ಬದಿಗೆ ಕಪಾಟು ಇದ್ದರೆ ಗೋಡೆಗೆ ಬಿಗಿಯಿರಿ. ನೆಲ ನಡುಗುತ್ತಿರುವಾಗ ಹಂಚು ಉದುರುವ ಮಾಡಿನ ಕೆಳಗೆ ಓಡಬೇಡಿ. ಗಟ್ಟಿ ಮೇಜಿನ ಕೆಳಗೆ ನುಸುಳಿ ತಲೆ ಮುಚ್ಚಿಕೊಳ್ಳಿ, ನಡುಕ ನಿಂತ ಮೇಲೆ ಗ್ಯಾಸ್ ಮುಚ್ಚಿ ಹೊರಗೆ ಬನ್ನಿ.

ನಮ್ಮ ಊರಿಗೆಂದೇ ಸೇರಿಸಬೇಕಾದ ಎರಡು ಮಾತುಗಳಿವೆ. ಎಲ್ಲ ಕರಪತ್ರಗಳಲ್ಲಿಯೂ ಅವು ಇರುವುದಿಲ್ಲ. ಒಂದು, ಸುರಂಗ. ಗುಡ್ಡದ ಹೊಟ್ಟೆ ಕೊರೆದು ನೀರು ತಂದ ಹಿರಿಯರ ಜಾಣ್ಮೆಗೆ ಕೈಮುಗಿಯೋಣ. ಆದರೆ ನೆಲ ನಡುಗಿದ ದಿನ, ಇಲ್ಲವೇ ಎಡೆಬಿಡದೆ ಮಳೆ ಸುರಿದ ವಾರ, ಹೂಳು ತೆಗೆಯಲೆಂದು ಅದರೊಳಗೆ ಯಾರನ್ನೂ ಕಳುಹಿಸಬೇಡಿ. ಇನ್ನೊಂದು, ಮನೆಯ ಹಿಂದಿನ ಬರೆ, ಎಂದರೆ ಕಡಿದ ಗುಡ್ಡದ ಗೋಡೆ. ಗುಡ್ಡವನ್ನು ನೆಟ್ಟಗೆ ಕಡಿದು ಅಂಗಳ ಮಾಡಿಕೊಂಡ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಬರೆಯ ನೆತ್ತಿಯಲ್ಲಿ ಹೊಸ ಬಿರುಕು ಕಂಡರೆ, ನೆಟ್ಟಗಿದ್ದ ಕಂಗು (ಅಡಿಕೆ ಮರ) ವಾಲಿದರೆ, ತಿಳಿಯಾಗಿ ಹರಿಯುತ್ತಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾದರೆ, ಆ ರಾತ್ರಿ ಅಲ್ಲಿ ಮಲಗಬಾರದು. ಅಧಿಕಾರಿ ಬಂದು ನೋಡಲಿ ಎಂದು ಕಾಯಬಾರದು.

ಇನ್ನು ಗಾಳಿ. ಇದು ಹೇಳದೆ ಬರುವ ನೆಂಟನಲ್ಲ. ಸಮುದ್ರದಲ್ಲಿ ಹುಟ್ಟುವ ಚಂಡಮಾರುತದ ಸುದ್ದಿ ದಿನಗಳ ಮುಂಚೆಯೇ ಸಿಗುತ್ತದೆ. 2021ರ ಮೇ ತಿಂಗಳ ತೌಕ್ತೆಯ ಹಾದಿಯನ್ನು ನಾವು ದಿನವೂ ಟಿವಿಯಲ್ಲಿ ನೋಡುತ್ತಿದ್ದೆವು. ಆದರೂ ಉಪ್ಪಳ ಬಳಿಯ ಮುಸೋಡಿಯಲ್ಲಿ ಎರಡಂತಸ್ತಿನ ಮನೆ ಕಡಲಿಗೆ ಕುಸಿದುದನ್ನು ಕಂಡಾಗ ಎದೆ ಝಲ್ಲೆಂದಿತು. 2017ರ ಒಖಿಯಲ್ಲಿ ಎಚ್ಚರಿಕೆ ಮುಟ್ಟುವ ಹೊತ್ತಿಗೆ ತೆಂಕಣ ಕೇರಳದ ಮೀನುಗಾರರು ಆಗಲೇ ಕಡಲಿಗಿಳಿದಾಗಿತ್ತು. ಆ ದುರಂತದ ನಂತರ ಎಚ್ಚರಿಕೆಯ ವ್ಯವಸ್ಥೆ ಬಹಳ ಸುಧಾರಿಸಿದೆ, ನ್ಯಾಯವಾಗಿ ಅದನ್ನೂ ಹೇಳಬೇಕು. 2025ರ ಜನವರಿಯಲ್ಲಿ ರಾಜ್ಯ ಸರಕಾರ 'ಕವಚಂ' ಎಂಬ ಸೈರನ್ ಜಾಲವನ್ನೂ ಆರಂಭಿಸಿತು.

ಆದರೆ ನಿಮ್ಮ ಮರಗಳನ್ನು ಬೀಳಿಸಿದ್ದು ಚಂಡಮಾರುತವಲ್ಲ. ಮಳೆಗಾಲದ ಮುಂಚಿನ ಗುಡುಗಿನ ಜೊತೆ ಬಂದು, ನಾಲ್ಕೈದು ನಿಮಿಷಗಳಲ್ಲಿ ತೋಟ ಮಲಗಿಸಿ ಹೋಗುವ ಗಾಳಿ ಅದು. ಅದಕ್ಕೆ ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳಿಗಷ್ಟೇ ಅನ್ವಯಿಸುವ ತುರ್ತು ಸೂಚನೆ ಕೊಡುತ್ತದೆ. ಬಣ್ಣಗಳ ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ: ಮಳೆಗೆ ಸಂಬಂಧಿಸಿ ಹಳದಿ ಎಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್, ಕಿತ್ತಳೆ ಎಂದರೆ 204.4ರವರೆಗೆ, ಕೆಂಪು ಎಂದರೆ ಅದಕ್ಕೂ ಮೇಲೆ. ಅವು ಇಡೀ ಜಿಲ್ಲೆಗೆ ಹೇಳುವ ಮಾತು. ಕೆಂಪು ಎಂದ ದಿನ ನಿಮ್ಮ ಅಂಗಳದಲ್ಲಿ ಬಿಸಿಲು ಕಾಯಬಹುದು. ಅದಕ್ಕಾಗಿ ಜಿಲ್ಲಾಧಿಕಾರಿಯನ್ನು ಬೈಯುವುದು, ಶಾಲೆಗೆ ಸುಮ್ಮನೆ ರಜೆ ಕೊಟ್ಟರು ಎಂದು ನಗುವುದು ತರವಲ್ಲ. ಮಕ್ಕಳು ಮಾತ್ರ ಬೇರೆ ಕಾರಣಕ್ಕೆ ನಗುತ್ತಾರೆ, ಅದು ನಿಮಗೇ ಗೊತ್ತು.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಬೇರೆಯೇ ಒಂದು ಸಾಲು. ಸಂದೇಶ ಮಧ್ಯಾಹ್ನ ಬಂದಿತ್ತು. ಎಂದರೆ ಯಂತ್ರ ತನ್ನ ಕೆಲಸ ಮಾಡಿತ್ತು, ತಿರುವನಂತಪುರದಿಂದ ನಿಮ್ಮ ಊರಿನವರೆಗೆ ಮಾತು ಸರಿಯಾಗಿಯೇ ತಲುಪಿತ್ತು. ಅದು ತಲುಪದೆ ಉಳಿದದ್ದು ಮೊಬೈಲಿನಿಂದ ಅಡುಗೆಮನೆಯವರೆಗಿನ ಹತ್ತು ಹೆಜ್ಜೆ ಮಾತ್ರ.

ಭಾಷೆಯ ದೂರು ನ್ಯಾಯವಾದದ್ದು. ಕನ್ನಡ ಅಲ್ಪಸಂಖ್ಯಾತ ಪ್ರದೇಶದವರು ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು 1969ರ ಕೇರಳ ರಾಜಭಾಷಾ ಕಾನೂನು ಹೇಳುತ್ತದೆ. ಆದರೆ ಗಾಳಿಗೆ ಯಾರೂ ಅರ್ಜಿ ಬರೆದಿರುವುದಿಲ್ಲವಲ್ಲ! ಉತ್ತರಕ್ಕೆ ಇರುವ ಹಕ್ಕು ಎಚ್ಚರಿಕೆಗೂ ಇರಬೇಕು ಎಂದು ನಾವು ಬರೆಯುತ್ತೇವೆ, ಬರೆಯುತ್ತಲೇ ಇರುತ್ತೇವೆ. ಅಲ್ಲಿಯವರೆಗೆ? ಅಜ್ಜಿಗೆ ಕನ್ನಡ ಅಕ್ಷರವೂ ಬಾರದು ಎಂದು ನೀವೇ ಬರೆದಿದ್ದೀರಿ. ಆಕೆಗೆ ಬೇಕಾದದ್ದು ಪರಿಚಿತ ದನಿಯಲ್ಲಿ, ಮನೆಮಾತಿನಲ್ಲಿ ಮೂರು ವಾಕ್ಯ: "ಸಂಜೆ ನಾಲ್ಕರಿಂದ ಏಳರ ಒಳಗೆ ಗಾಳಿ ಬರಬಹುದು. ಹಲಸಿನ ಮರದ ಬದಿಯ ಕೋಣೆಯಲ್ಲಿ ಇರಬೇಡಿ. ಟಾರ್ಚು ಹತ್ತಿರ ಇಟ್ಟುಕೊಳ್ಳಿ." ಅಂಗನವಾಡಿಯ ಟೀಚರೋ ಮಹಿಳೆಯರ ಸ್ವಸಹಾಯ ಸಂಘವಾದ ಕುಡುಂಬಶ್ರೀ ಘಟಕದವರೋ ವಾಟ್ಸ್ಆ್ಯಪಿನಲ್ಲಿ ಧ್ವನಿಯಾಗಿ ಕಳುಹಿಸಿದರೆ ಸಾಕು. ತುಳುವಿನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ಅಂದ ಹಾಗೆ, ನಿಮ್ಮೂರಿನ ತೋಟದ ಲೈನು ಮನೆಗಳಲ್ಲಿ ಬಂಗಾಳದಿಂದ, ಅಸ್ಸಾಮಿನಿಂದ ಬಂದ ಕೆಲಸಗಾರರು ಇದ್ದಾರೆ. ಮಲಯಾಳ ತಿಳಿಯದು ಎಂದು ನಾವು ದೂರುತ್ತಿದ್ದೇವೆ. ಅವರಿಗೆ ನಮ್ಮ ಕನ್ನಡವೂ ತಿಳಿಯದು. ಅವರ ಬಾಗಿಲು ತಟ್ಟುವವರು ಯಾರು?

2005ರ ವಿಪತ್ತು ನಿರ್ವಹಣಾ ಕಾನೂನಿನಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಜಿಲ್ಲೆಯ ತುರ್ತು ಕೇಂದ್ರದ ಸಂಖ್ಯೆ 1077. ಮೊಬೈಲಿನಿಂದಾದರೆ ಮೊದಲು 04994 ಒತ್ತಬೇಕು. ಅಗ್ನಿಶಾಮಕಕ್ಕೆ 101. ಇವೆಲ್ಲ ಬೇಕು. ಆದರೆ ಒಂದೇ ಸಂಜೆ ನೂರು ಕಡೆ ಮರ ಬಿದ್ದಾಗ ಅಗ್ನಿಶಾಮಕದವರ ವಾಹನ ಮೊದಲು ಹೆದ್ದಾರಿಗೇ ಹೋಗುತ್ತದೆ, ಹೋಗಬೇಕಾದದ್ದೂ ಅಲ್ಲಿಗೇ. ನಿಮ್ಮ ಒಳದಾರಿಗೆ ಮೊದಲ ಮೂರು ನಾಲ್ಕು ಗಂಟೆ ನೀವೇ ಸರಕಾರ. 2018ರ ಪ್ರವಾಹದ ಬಳಿಕ ಪಂಚಾಯತುಗಳೂ ವಿಪತ್ತು ನಿರ್ವಹಣಾ ಯೋಜನೆ ತಯಾರಿಸಿವೆ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ವಾರ್ಡಿನ ಪುಟವನ್ನು ಗಟ್ಟಿಯಾಗಿ ಓದಲು ಹೇಳಿ. ಅದರಲ್ಲಿರುವ ಸ್ವಯಂಸೇವಕರಲ್ಲಿ ಎಷ್ಟು ಜನ ಈಗ ಗಲ್ಫಿನಲ್ಲಿದ್ದಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ನಾನು ಕೇಳುವ ಪಟ್ಟಿ ಇಂಥದು. ನಿಮ್ಮ ಸುತ್ತಿನ ಮೂವತ್ತು ಮನೆಗಳಲ್ಲಿ ಮರ ಕೊಯ್ಯುವ ಮೆಷಿನ್ ಗರಗಸ ಯಾರ ಮನೆಯಲ್ಲಿದೆ, ಅದಕ್ಕೆ ಎಣ್ಣೆ ಇದೆಯೇ? ರಾತ್ರಿ ಕರೆದರೆ ಬರುವ ಜೀಪು ಯಾರದು? ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆ, ಇನ್ಸುಲಿನ್ ಇಟ್ಟ ಫ್ರಿಜ್ ಯಾವ ಮನೆಯಲ್ಲಿದೆ? ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ಹಗ್ಗ, ರಾಟೆ ಇನ್ನೂ ಇರುವ ಬಾವಿ ಯಾವುದು? ಜನರನ್ನು ಶಾಲೆಗೆ ಕರೆದೊಯ್ಯಬೇಕಾದರೆ ರಾತ್ರಿ ಬೀಗದ ಕೈ ಯಾರ ಬಳಿ ಇರುತ್ತದೆ? ಗಟ್ಟಿಯಾದ ಉದ್ದ ಬೆಂಚೋ ಹಲಗೆಯೋ ಎಲ್ಲಿದೆ? ಈ ಕೊನೆಯದನ್ನು ನಿಮ್ಮ ಪತ್ರ ಓದಿಯೇ ಸೇರಿಸಿದೆ. ಸೊಂಟ ಮುರಿದವರನ್ನು ಕುರ್ಚಿಯಲ್ಲಿ ಕೂರಿಸಬಾರದು ಟೀಚರ್. ಹಲಗೆಯ ಮೇಲೆ ಮಲಗಿಸಿ, ಕಾಲು ಅಲುಗದಂತೆ ಬಟ್ಟೆಯಿಂದ ಕಟ್ಟಿ ಒಯ್ಯಬೇಕು. ಅವಸರದಲ್ಲಿ ನೀವು ಮಾಡಿದ್ದರಲ್ಲಿ ತಪ್ಪು ಹುಡುಕುತ್ತಿಲ್ಲ, ಮುಂದಿನ ಸಲಕ್ಕೆ ಹೇಳಿದೆ.

ಮರಗಳ ವಿಚಾರ ಮಾತ್ರ ಸ್ವಲ್ಪ ಮುಜುಗರದ್ದು. ಅಪಾಯಕಾರಿಯಾಗಿ ವಾಲಿದ ಮರವನ್ನು ಕಡಿಸಲು ಪಂಚಾಯತಿಗೆ ಅಧಿಕಾರವಿದೆ. ಆದರೆ ಅರ್ಜಿ ಬರುವುದೆಲ್ಲ ಪಕ್ಕದ ಮನೆಯವರ ಮರದ ಮೇಲೆ. ಉರುಳಿದ ಎರಡರಲ್ಲಿ ಒಂದು ನಮ್ಮದೇ ಎಂದು ನೀವು ಮೂರನೆಯ ಪುಟದ ಕೊನೆಗೆ, ಉಳಿದ ಅಕ್ಷರಗಳಿಗಿಂತ ಸಣ್ಣದಾಗಿ, ಬರೆದಿದ್ದೀರಿ. ಪ್ರಾಮಾಣಿಕತೆಗೆ ವಂದನೆಗಳು. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯಂದು ಯಕ್ಷಗಾನ, ಕೋಲಗಳನ್ನು ನಿಲ್ಲಿಸಿ ಗೆಜ್ಜೆ ಬಿಚ್ಚುವುದು ನಮ್ಮ ಕ್ರಮ. ಅಷ್ಟರೊಳಗೆ ಗೆಲ್ಲು ಸವರುವುದನ್ನೂ ಕ್ರಮ ಮಾಡಿಕೊಳ್ಳಬಹುದು. ತಂತಿಯ ಬಳಿಯ ಗೆಲ್ಲುಗಳನ್ನು ಮಾತ್ರ ವಿದ್ಯುತ್ ಮಂಡಳಿಯವರಿಗೆ ಬಿಡಿ.

ಮುಂದಿನ ಸಂಚಿಕೆಯಲ್ಲಿ ನಾನು ಕೇಳಿದ ಪಟ್ಟಿಗೆಂದೇ ಒಂದು ಪುಟವನ್ನು ಖಾಲಿ ಗೆರೆಗಳೊಂದಿಗೆ ಅಚ್ಚು ಹಾಕುತ್ತೇವೆ. ಕತ್ತರಿಸಿ ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಬಹುದು. ಮೊದಲು ತುಂಬಿಸುವವರು ನೀವೇ ಆಗಬೇಕೆಂದು ನನ್ನ ಆಸೆ. ಒಂದು ಸೂಚನೆ: ಗರಗಸದವರ ಹೆಸರಿನ ಮುಂದೆ ಅವರ ಹೆಂಡತಿಯ ಮೊಬೈಲ್ ಸಂಖ್ಯೆಯನ್ನೂ ಬರೆದುಕೊಳ್ಳಿ. ಮೆಷಿನ್ ಓಡುತ್ತಿರುವಾಗ ಅವರಿಗೆ ಫೋನಿನ ಸದ್ದು ಕೇಳಿಸುವುದಿಲ್ಲ.

– ಸಂಪಾದಕ