ಬೆನ್ನಿನ ಅರಿವಳಿಕೆಗೆ ಯಾವ ಮದ್ದು?

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಮುಂದಿನ ತಿಂಗಳು ಕಾಸರಗೋಡಿನ ಆಸ್ಪತ್ರೆಯೊಂದರಲ್ಲಿ ಅವರ ಮೊಣಕಾಲಿನ ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆ ಇದೆ. ಬೆನ್ನಿನಲ್ಲಿ ಸಣ್ಣ ಕೊಳವೆ ಇಟ್ಟು ಎಪಿಡ್ಯೂರಲ್ (ಬೆನ್ನುಹುರಿಯ ಹೊದಿಕೆಯ ಹೊರಗೆ ಮದ್ದು ಹಾಕುವ ಅರಿವಳಿಕೆ) ಮೂಲಕ ಬುಪಿವಕೇನ್ ಎಂಬ ಮರಗಟ್ಟಿಸುವ ಮದ್ದು ಕೊಡುವುದಾಗಿ ವೈದ್ಯರು ತಿಳಿಸಿದ್ದಾರೆ. ಅದು ಹೃದಯಕ್ಕೆ ಅಪಾಯಕಾರಿ, ಅದೇ ಬಗೆಯ ಇನ್ನೊಂದು ಮದ್ದಾದ ರೋಪಿವಕೇನ್ ಕೊಡಲು ಹೇಳಿ ಎನ್ನುತ್ತಾಳೆ ಮಂಗಳೂರಿನಲ್ಲಿ ಫಾರ್ಮಸಿ ಓದುತ್ತಿರುವ ನನ್ನ ತಂಗಿಯ ಮಗಳು. ಖರ್ಚು ಹೆಚ್ಚಾದರೂ ಅಡ್ಡಿಯಿಲ್ಲ, ಯಾವುದು ಮೇಲು?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಹುಡುಗಿಯ ಮಾತಿಗೆ ಆಧಾರವಿದೆ. ಬುಪಿವಕೇನ್ ಆಕಸ್ಮಿಕವಾಗಿ ರಕ್ತನಾಳವನ್ನು ಸೇರಿದಾಗ ಹೃದಯ ನಿಂತುಹೋಗಬಹುದೆಂಬ ಎಚ್ಚರಿಕೆಯನ್ನು 1979ರಲ್ಲಿ ಅಮೆರಿಕದ ಅರಿವಳಿಕೆ ತಜ್ಞ ಜಾರ್ಜ್ ಆಲ್‌ಬ್ರೈಟ್ ಬರೆದರು. ಬಳಿಕ ಆ ದೇಶದಲ್ಲಿ ಹೆರಿಗೆಯ ಅರಿವಳಿಕೆಗೆ ಶೇ. 0.75ರ ದ್ರಾವಣವನ್ನು ಬಳಸಬಾರದೆಂದಾಯಿತು. ಎಡಗೈ ಬಲಗೈಗಳಂತೆ ಒಂದಕ್ಕೊಂದು ಪ್ರತಿಬಿಂಬವಾಗಿರುವ ಎರಡು ಬಗೆಯ ಅಣುಗಳು ಬುಪಿವಕೇನಿನಲ್ಲಿ ಸಮಪಾಲಾಗಿರುತ್ತವೆ. ಅವುಗಳಲ್ಲಿ ಬಲ ರೂಪದ್ದು ಹೃದಯದ ಸೋಡಿಯಂ ನಾಳಗಳಿಗೆ (ಬಡಿತದ ವಿದ್ಯುತ್ ಸಂಕೇತಕ್ಕಾಗಿ ಜೀವಕೋಶದೊಳಕ್ಕೆ ಸೋಡಿಯಂ ಬಿಡುವ ಸೂಕ್ಷ್ಮ ದ್ವಾರಗಳಿಗೆ) ಅಂಟಿಕೊಂಡರೆ ಬೇಗನೆ ಬಿಡುವುದಿಲ್ಲ. 1990ರ ದಶಕದಲ್ಲಿ ಬಳಕೆಗೆ ಬಂದ ರೋಪಿವಕೇನಿನಲ್ಲಿ ಎಡ ರೂಪ ಮಾತ್ರ ಇದೆ. ಲೆವೊಬುಪಿವಕೇನ್ ಎಂಬುದೂ ಹಾಗೆಯೇ, ಬುಪಿವಕೇನಿನ ಎಡ ರೂಪವನ್ನಷ್ಟೇ ಬೇರ್ಪಡಿಸಿದ ಮದ್ದು.

ಆದರೆ ಹೋಲಿಕೆ ಇಲ್ಲಿಗೆ ಮುಗಿಯುವುದಿಲ್ಲ. ರೋಪಿವಕೇನ್ ಕೊಬ್ಬಿನಲ್ಲಿ ಕಡಿಮೆ ಕರಗುವುದರಿಂದ ಅದರ ಶಕ್ತಿಯೂ ಸ್ವಲ್ಪ ಕಡಿಮೆ, ಶೇ. 0.5ರ ಬುಪಿವಕೇನ್ ಮಾಡುವ ಕೆಲಸಕ್ಕೆ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಶೇ. 0.75ರ ರೋಪಿವಕೇನ್ ಹಾಕುತ್ತಾರೆ. ಎರಡನ್ನೂ ಒಂದೇ ಶೇಕಡಾವಾರಿನಲ್ಲಿ ಇಟ್ಟು ತೂಗಿದರೆ ದುರ್ಬಲವಾದದ್ದು ಸಹಜವಾಗಿಯೇ ಹೆಚ್ಚು ಸೌಮ್ಯವಾಗಿ ಕಾಣುತ್ತದೆ, ಮತ್ತು ರೋಪಿವಕೇನಿನ ಹೊಗಳಿಕೆಯಲ್ಲಿ ಒಂದು ಪಾಲು ಇಂಥ ತೂಕದಿಂದ ಬಂದದ್ದೆಂದು ನನ್ನ ಅಭಿಪ್ರಾಯ. ಶಕ್ತಿಗೆ ತಕ್ಕಂತೆ ಪ್ರಮಾಣ ಹೊಂದಿಸಿದಾಗ ಸುಮಾರು ಕಾಲು ಗಂಟೆಯಿಂದ ಇಪ್ಪತ್ತು ನಿಮಿಷದಲ್ಲಿ ಎರಡೂ ಹಿಡಿಯುತ್ತವೆ, ಎರಡೂ ಕೆಲವು ಗಂಟೆಗಳ ಕಾಲ ನೋವನ್ನು ತಡೆಯುತ್ತವೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ತಮ್ಮ ತಾಯಿಯವರಿಗೆ ವ್ಯತ್ಯಾಸವೇ ತಿಳಿಯದಿರಬಹುದು.

ವ್ಯತ್ಯಾಸ ಕಾಣುವುದಿದ್ದರೆ ಆಮೇಲೆ. ನೋವಿನ ನರತಂತುಗಳು ಸಪೂರ, ಸ್ನಾಯುಗಳನ್ನು ಆಡಿಸುವವು ದಪ್ಪ ಹೊದಿಕೆಯವು. ರೋಪಿವಕೇನ್ ಈ ಎರಡನೆಯವುಗಳೊಳಗೆ ಅಷ್ಟಾಗಿ ಇಳಿಯುವುದಿಲ್ಲವಾದ್ದರಿಂದ ಕಾಲಿನ ಬಲ ತುಸು ಬೇಗ ಮರಳುತ್ತದೆ, ಮರುದಿನ ವಾಕರ್ ಹಿಡಿದು ನಡೆಸುವ ಫಿಸಿಯೋಥೆರಪಿಗೆ ಅನುಕೂಲವಾಗುತ್ತದೆ. ಹಾಗಿದ್ದರೂ ಶಸ್ತ್ರಚಿಕಿತ್ಸೆಯ ನಂತರ ಕೊಳವೆಯಲ್ಲಿ ಹರಿಸುವಾಗ ಬುಪಿವಕೇನನ್ನೂ ಶೇ. 0.125 ಅಥವಾ ಅದಕ್ಕಿಂತ ತೆಳುವಾಗಿಸಿ, ಅಲ್ಪ ಫೆಂಟನಿಲ್ (ಪ್ರಬಲ ನೋವುನಿವಾರಕ) ಸೇರಿಸಿ ಕೊಡುವುದು ರೂಢಿಯಲ್ಲಿದ್ದು, ಆ ಮಟ್ಟದಲ್ಲಿ ಈ ಅಂತರವೂ ಬಹಳ ಕಿರಿದಾಗುತ್ತದೆ.

ಆದ್ದರಿಂದ ತಾವು ವೈದ್ಯರಲ್ಲಿ ಮದ್ದಿನ ಹೆಸರಿಗಾಗಿ ಪಟ್ಟು ಹಿಡಿಯುವ ಬದಲು ಅದನ್ನು ಹೇಗೆ ಕೊಡುತ್ತಾರೆಂದು ಕೇಳುವುದು ಲೇಸು. ಕೊಳವೆಯ ತುದಿ ರಕ್ತನಾಳದಲ್ಲಿಲ್ಲವೆಂದು ಮೊದಲು ಸ್ವಲ್ಪವೇ ಮದ್ದು ಹಾಕಿ ನೋಡುವ ಪರೀಕ್ಷಾ ಪ್ರಮಾಣದಿಂದ ಖಚಿತಪಡಿಸಿಕೊಂಡು, ಉಳಿದದ್ದನ್ನು ಸ್ವಲ್ಪಸ್ವಲ್ಪವಾಗಿ ಹಾಕುವುದೇ ಮುಖ್ಯ ರಕ್ಷಣೆ. ಮದ್ದು ರಕ್ತಕ್ಕೆ ಸೇರಿ ವಿಷಪ್ರಭಾವ ಉಂಟಾದರೆ ಚಿಕಿತ್ಸೆಗೆ ಬಳಸುವ ಶೇ. 20ರ ಕೊಬ್ಬಿನ ದ್ರಾವಣ ಕೈಗೆಟಕುವಲ್ಲಿದೆಯೇ ಎಂದೂ ವಿಚಾರಿಸಬಹುದು. ತಾಯಿಗೆ ಹೃದಯದ ಕಾಯಿಲೆಯಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಮೊದಲೇ ತಿಳಿಸಿರಿ. ಮಾತ್ರೆಯಿಂದಾಗಿ ಎಪಿಡ್ಯೂರಲನ್ನೇ ಮುಂದೂಡಬೇಕಾಗಬಹುದು.

ನಮ್ಮ ಕಡೆಯವರಿಗೆ ವಿಶೇಷವಾಗಿ ಒಂದು ಮಾತು. ತುಟಿಯ ಸುತ್ತ ಜೋಮು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಇವು ಮದ್ದು ರಕ್ತಕ್ಕೆ ಹೆಚ್ಚಾಗಿ ಸೇರಿದ್ದರ ಮೊದಲ ಸೂಚನೆಗಳಾಗಿದ್ದು, ರೋಗಿ ಎಚ್ಚರವಾಗಿದ್ದರೆ ಅವರ ಬಾಯಿಂದಲೇ ತಿಳಿಯಬೇಕು. ತಾಯಿಗೆ ಮಲಯಾಳ ಬಾರದಿದ್ದರೆ, ಕನ್ನಡವೋ ತುಳುವೋ ಬಲ್ಲ ದಾದಿಯೊಬ್ಬರು ಜತೆಗಿರುವಂತೆ ಮುಂಚಿತವಾಗಿ ಕೇಳಿಕೊಳ್ಳಿ.

ಪ್ರಶ್ನೆ: ಹಲ್ಲು ಕೀಳಲು ಕೊಡುವ ಲಿಗ್ನೊಕೇನನ್ನು ಬೆನ್ನಿಗೆ ಕೊಡಬಾರದೇ? ಅದು ಬೇಗ ಹಿಡಿಯುತ್ತದಲ್ಲ?
— ಓದುಗರೊಬ್ಬರು, ಕುಂಬಳೆ

ಉತ್ತರ: ಕೊಡುತ್ತಾರೆ. ಹೆರಿಗೆ ನೋವಿಗೆಂದು ಇಟ್ಟ ಕೊಳವೆಯ ಮೂಲಕವೇ ತುರ್ತಾಗಿ ಸಿಸೇರಿಯನ್ ಮಾಡಬೇಕಾದಾಗ, ಅಡ್ರಿನಲಿನ್ ಬೆರೆಸಿದ ಶೇ. 2ರ ಲಿಗ್ನೊಕೇನಿನ ವೇಗ ಬಹಳ ಉಪಯುಕ್ತ. ಆದರೆ ಅದರ ಪ್ರಭಾವ ಒಂದೆರಡು ಗಂಟೆಗಳಲ್ಲಿ ಇಳಿಯುತ್ತದೆ. ಪದೇ ಪದೇ ಕೊಟ್ಟರೆ ಪರಿಣಾಮವೂ ಕುಗ್ಗುವುದರಿಂದ ದೀರ್ಘ ಶಸ್ತ್ರಚಿಕಿತ್ಸೆಗೆ ಅದೊಂದನ್ನೇ ನೆಚ್ಚಿಕೊಳ್ಳುವುದಿಲ್ಲ.